ಲೇಔಟ್‌ನ ಪ್ಯಾರಾಸಿಟಿಕ್‌ಗಳನ್ನು ಸಿಮ್ಯುಲೇಶನ್‌ಗೆ ಸೇರಿಸುವ ಕ್ರಮ

ಪುಣೆಯ ಹಿಂಜವಡಿಯಲ್ಲಿ ಚಿಪ್ ವಿನ್ಯಾಸದ ಕೆಲಸಕ್ಕೆ ಸೇರಿದ ಕನ್ನಡಿಗ ಮಿತ್ರರು ಮೊದಲು ಲೈಸೆನ್ಸ್ ವಿಚಾರವನ್ನು ತಿಳಿದುಕೊಳ್ಳಬೇಕು. ಲೇಔಟ್‌ನಿಂದ ಪ್ಯಾರಾಸಿಟಿಕ್‌ಗಳನ್ನು (ತಂತಿಗಳಲ್ಲಿ ತಾನಾಗಿ ಉಂಟಾಗುವ ಕೆಪಾಸಿಟೆನ್ಸ್, ರೆಸಿಸ್ಟೆನ್ಸ್) ಲೆಕ್ಕಹಾಕಿ ತೆಗೆಯುವ ಎಕ್ಸ್‌ಟ್ರಾಕ್ಷನ್‌ಗೂ ಸಿಮ್ಯುಲೇಶನ್‌ಗೂ ಸಾಮಾನ್ಯವಾಗಿ ಬೇರೆ ಬೇರೆ ಲೈಸೆನ್ಸ್ ಬೇಕಾಗುವುದರಿಂದ, ಫ್ಲೆಕ್ಸ್‌ನೆಟ್ ಎಂಬ ಲೈಸೆನ್ಸ್ ಸರ್ವರ್ ಇರುವ ಕಡೆ ‘ಎಲ್‌ಎಮ್‌ಸ್ಟ್ಯಾಟ್ -ಎ’ ಕಮಾಂಡ್ ಕೊಟ್ಟು ಎರಡೂ ಲಭ್ಯವಿವೆಯೇ ಎಂದು ನೋಡಿಕೊಳ್ಳಿ. ಮನೆಯಲ್ಲಿ ಕಲಿಯುವವರಿಗೆ ಮ್ಯಾಜಿಕ್ ಎಂಬ ಲೇಔಟ್ ಟೂಲ್, ಎನ್‌ಜಿಸ್ಪೈಸ್ ಎಂಬ ಸಿಮ್ಯುಲೇಟರ್ ಮತ್ತು 2020ರಲ್ಲಿ ಮುಕ್ತವಾದ ಸ್ಕೈವಾಟರ್ 130 ನ್ಯಾನೋಮೀಟರ್ ಪಿಡಿಕೆ (ಚಿಪ್ ತಯಾರಿಕಾ ಪ್ರಕ್ರಿಯೆಯ ವಿನ್ಯಾಸ ಫೈಲ್‌ಗಳ ಕಿಟ್) ಸಾಕು. ಕಚೇರಿಯ ಲೈಸೆನ್ಸನ್ನು ಸ್ವಂತ ಅಭ್ಯಾಸಕ್ಕೆ ಬಳಸುವುದು ಸರಿಯಲ್ಲ.

ಎಲ್‌ವಿಎಸ್ (ಲೇಔಟ್ ಮೂಲ ಸರ್ಕ್ಯೂಟ್ ಚಿತ್ರಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಸರಿಹೋಗುವ ಮುನ್ನ ಪ್ಯಾರಾಸಿಟಿಕ್‌ಗಳಿಗೆ ಕೈಹಾಕಬೇಡಿ. ಆಮೇಲೆ ಮ್ಯಾಜಿಕ್‌ನಲ್ಲಿ ‘ಎಕ್ಸ್‌ಟ್ರಾಕ್ಟ್ ಆಲ್’ ಕೊಟ್ಟು, ‘ಎಕ್ಸ್‌ಟ್2ಸ್ಪೈಸ್ ಎಲ್‌ವಿಎಸ್’ ಸೆಟ್ಟಿಂಗ್ ಕೆಪಾಸಿಟರ್‌ಗಳನ್ನು ಕೈಬಿಡುವುದರಿಂದ ಅದರ ನಂತರ ‘ಎಕ್ಸ್‌ಟ್2ಸ್ಪೈಸ್ ಸಿಥ್ರೆಶ್ 0’ ಎಂದು ಬರೆದು, ಕೊನೆಗೆ ಬರಿಯ ‘ಎಕ್ಸ್‌ಟ್2ಸ್ಪೈಸ್’ ಓಡಿಸಿ. ಇದರಿಂದ ಬರುವುದು ಕೆಪಾಸಿಟೆನ್ಸ್ ಮಾತ್ರ; ತಂತಿಗಳ ರೆಸಿಸ್ಟೆನ್ಸ್‌ಗೆ ‘ಎಕ್ಸ್‌ಟ್‌ರೆಸಿಸ್ಟ್’ ಎಂಬ ಪ್ರತ್ಯೇಕ ಹಂತವಿದೆ.

ಹೀಗೆ ಸಿಕ್ಕ ನೆಟ್‌ಲಿಸ್ಟ್ (ಸರ್ಕ್ಯೂಟ್‌ನ ಭಾಗಗಳು ಮತ್ತು ಜೋಡಣೆಗಳ ಪಟ್ಟಿ) ಫೈಲನ್ನು ತೆರೆದು ಕಣ್ಣಾರೆ ನೋಡುವುದು ಬಹಳ ಮುಖ್ಯ. ‘ಸಿ’ ಅಕ್ಷರದಿಂದ ಆರಂಭವಾಗುವ ಸಾಲುಗಳು ಫೆಮ್ಟೋಫ್ಯಾರಡ್ ಬೆಲೆಗಳೊಂದಿಗೆ ಇವೆಯೇ, ಸಬ್‌ಸರ್ಕ್ಯೂಟ್ ಸಾಲಿನ ಪಿನ್‌ಗಳ ಕ್ರಮ, ಸರ್ಕ್ಯೂಟನ್ನು ಪರೀಕ್ಷಿಸುವ ಟೆಸ್ಟ್‌ಬೆಂಚ್ ಫೈಲ್‌ನಲ್ಲಿರುವ ಕ್ರಮಕ್ಕೆ ಹೊಂದುತ್ತದೆಯೇ ಎಂದು ಪರಿಶೀಲಿಸಿ, ಏಕೆಂದರೆ ಕ್ರಮ ತಪ್ಪಿದರೂ ಸಿಮ್ಯುಲೇಟರ್ ದೋಷ ತೋರಿಸದೆ ತಪ್ಪು ವೇವ್‌ಫಾರ್ಮ್ ಕೊಡಬಹುದು. ಡಿಜಿಟಲ್ ವಿನ್ಯಾಸದಲ್ಲಾದರೆ ಪ್ಯಾರಾಸಿಟಿಕ್‌ಗಳಿರುವ ಎಸ್‌ಪಿಇಎಫ್ ಫೈಲನ್ನು ಟೈಮಿಂಗ್ ಟೂಲ್ ಓದಿ, ವಿಳಂಬಗಳಿರುವ ಎಸ್‌ಡಿಎಫ್ ಫೈಲನ್ನು ಬರೆಯುತ್ತದೆ. ಅದನ್ನು ಗೇಟ್ ಮಟ್ಟದ ಸಿಮ್ಯುಲೇಶನ್‌ಗೆ ಜೋಡಿಸಿದ ಮೇಲೆ ಲಾಗ್‌ನಲ್ಲಿ ಆನೋಟೇಶನ್ (ಆ ವಿಳಂಬಗಳನ್ನು ಗೇಟ್‌ಗಳಿಗೆ ಜೋಡಿಸುವ ಕೆಲಸ) ಎಚ್ಚರಿಕೆಗಳನ್ನು ತಪ್ಪದೆ ಓದಿ.