ಶೇಂಗಾ ಹಿಂಡಿಯ ಬೆನ್ನು ಹತ್ತಿ: ಊಟದ ಚರಿತ್ರೆಯನ್ನು ಅಭ್ಯಾಸ ಮಾಡುವ ಬಗೆ

ವಿಜಯಪುರ ಸೀಮೆಯ ಊಟದ ಚರಿತ್ರೆಯನ್ನು ಅಭ್ಯಾಸ ಮಾಡಬಯಸುವವರು ಇಡೀ ಜಿಲ್ಲೆಯನ್ನು ಒಮ್ಮೆಲೇ ಕೈಗೆತ್ತಿಕೊಳ್ಳದೆ, ತಾಟಿನಲ್ಲಿರುವ ಒಂದೇ ಪದಾರ್ಥವನ್ನು ಆರಿಸಿಕೊಳ್ಳಬೇಕು. ಶೇಂಗಾ ಹಿಂಡಿಯನ್ನೇ, ಅಂದರೆ ಶೇಂಗಾಕ್ಕೆ ಒಣಮೆಣಸಿನಕಾಯಿ ಹಾಕಿ ಕುಟ್ಟಿದ ಚಟ್ನಿಪುಡಿಯನ್ನೇ ನೋಡಿ. ಜೋಳದ ರೊಟ್ಟಿಯ ಜೊತೆಗೆ ಅದು ಅನಾದಿಯಿಂದ ಇದೆ ಎಂದೇ ನಂಬಿದ್ದೇವೆ. ಆದರೆ ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಬೆಳೆಗಳಾಗಿದ್ದು, 1498ರಲ್ಲಿ ಪೋರ್ಚುಗೀಸರು ಕಡಲದಾರಿ ಹಿಡಿದು ಬಂದ ನಂತರವೇ ನಮ್ಮ ಹೊಲಗಳನ್ನು ಸೇರಿದವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ದ ಅಡುಗೆಗಳಲ್ಲಿ ಖಾರಕ್ಕೆ ಕಾಳುಮೆಣಸೇ ಇತ್ತು. ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಇಟ್ಟ ನಮ್ಮ ನುಡಿಯೂ ಇದಕ್ಕೆ ಸಾಕ್ಷಿ. ಆದ್ದರಿಂದ ಮೊದಲು ಹೆಸರುಗಳನ್ನು ಬರೆದುಕೊಳ್ಳಿ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವುದಕ್ಕೂ ಹಿಂಡಿ ಎಂದೇ ಹೆಸರಿರುವುದರಿಂದ, ಊರಿನ ಹಿರಿಯ ಗಾಣಿಗರನ್ನೂ ವಿಚಾರಿಸಬೇಕು.

ಮನೆಯ ಹಿರಿಯರಿಗೆ ‘ಹಿಂದೆ ಏನು ಉಣ್ಣುತ್ತಿದ್ದಿರಿ’ ಎಂದು ಕೇಳಿದರೆ ಹೋಳಿಗೆ, ಮಾದಲಿಯಂಥ ಹಬ್ಬದ ಸಿಹಿಗಳ ನೆನಪೇ ಮೊದಲು ಬರುತ್ತದೆ. ‘ಆಯೀ, ಹಗೇವಿನ ಜೋಳ ತೀರಿದ ಮ್ಯಾಲ ಒಲಿ ಮ್ಯಾಲ ಏನ ಇಡತಿದ್ರಿ? ಕಡೀಕ ಯಾರು ಉಣತಿದ್ರು?’ ಎಂದು, ಅಂದರೆ ಹಗೇವು ಎಂಬ ನೆಲದೊಳಗಿನ ಕಣಜ ಬರಿದಾದ ದಿನಗಳ ಬಗ್ಗೆ, ಕೇಳಿದಾಗಲೇ ದಿನನಿತ್ಯದ ಊಟ ತೆರೆದುಕೊಳ್ಳುತ್ತದೆ.

ಬಳಿಕ ಕಾಗದಗಳಿಗೆ ಬನ್ನಿ. ಮದುವೆಯ ಸಾಮಾನಿನ ಯಾದಿ, ಕಿರಾಣಿ ಅಂಗಡಿಯ ಉದ್ರಿ ವಹಿ (ಸಾಲದ ಲೆಕ್ಕದ ಪುಸ್ತಕ), ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಹಳೆಯ ಲೆಕ್ಕ, ಇವನ್ನು ರದ್ದಿಗೆ ಹಾಕುವ ಮನೆಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬೆಲ್ಲದ ಪಕ್ಕದಲ್ಲಿ ಸಕ್ಕರೆ, ಚಹಾಪುಡಿ ಮೊದಲು ಕಾಣಿಸಿದ ವರ್ಷವನ್ನು ಗುರುತಿಸಿ. ಆದರೆ ಎಚ್ಚರವಿರಲಿ: ವಹಿಯಲ್ಲಿ ದಾಖಲಾಗುವುದು ಕೊಂಡ ಸಾಮಾನು ಮಾತ್ರ. ಹೊಲದಿಂದ ಬಂದ ಜೋಳ, ಹಿತ್ತಲಿನ ಬದನೆಕಾಯಿ, ಮಳೆಗಾಲದಲ್ಲಿ ಬದುವಿನ ಮೇಲೆ ಕಿತ್ತು ತಂದ ಸೊಪ್ಪು ಅದರಲ್ಲಿ ಬರುವುದಿಲ್ಲ. ಅಲ್ಲಿ ಇಲ್ಲದ್ದನ್ನು ಮನೆಯವರು ಉಣ್ಣಲೇ ಇಲ್ಲವೆಂದು ತಿಳಿದರೆ ಚರಿತ್ರೆಯೇ ತಪ್ಪುತ್ತದೆ.

ಕೊನೆಗೆ ಸರಕಾರಿ ದಾಖಲೆಗಳನ್ನು ಪಕ್ಕದಲ್ಲಿಟ್ಟು ಓದಬೇಕು. ಮುಂಬಯಿ ಪ್ರಾಂತದ ಗ್ಯಾಜೆಟಿಯರಿನ ವಿಜಾಪುರ ಸಂಪುಟ ಪ್ರಕಟವಾದದ್ದು 1884ರಲ್ಲಿ, ಎಂದರೆ 1876–78ರ ಘೋರ ಬರ ಮುಗಿದು ಕೆಲವೇ ವರ್ಷಗಳಾಗಿದ್ದಾಗ. ಅಧಿಕಾರಿಗಳ ಬರಹದಲ್ಲಿ ಮಳೆ, ಧಾನ್ಯದ ದರ, ಪರಿಹಾರ ಕಾಮಗಾರಿಗಳ ಲೆಕ್ಕ ಸಿಗುತ್ತದೆ. ಇದ್ದ ಹಿಟ್ಟನ್ನು ಮಕ್ಕಳಿಗೆ ಹಂಚಿದ ತಾಯಿಯ ಮಾತು ಸಿಗುವುದಿಲ್ಲ. ಅದನ್ನು ಹೆಂಗಸರು ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಬೀಸುವ ಪದಗಳಲ್ಲಿ ಹುಡುಕಬಹುದಾದರೂ, ಹಾಡನ್ನು ಕಾಲನಿರ್ಣಯಕ್ಕೆ ಬಳಸಬಾರದು, ಏಕೆಂದರೆ ಪ್ರತಿ ತಲೆಮಾರೂ ಅದಕ್ಕೆ ತನ್ನ ನುಡಿ ಸೇರಿಸಿರುತ್ತದೆ.

ಪ್ರತಿ ಟಿಪ್ಪಣಿಯ ಮೇಲೆ ಊರು, ದಿನಾಂಕ, ಹೇಳಿದವರ ವಯಸ್ಸು ಇರಲಿ. ‘ಒಂದು ಹಿಡಿ’ ಎಂದು ಅವರು ಹೇಳಿದರೆ, ಅವರ ಕೈಯಿಂದಲೇ ತೆಗೆಸಿ, ತೂಗಿ, ಗ್ರಾಂ ಲೆಕ್ಕವನ್ನೂ ಪಕ್ಕದಲ್ಲಿ ಬರೆಯಿರಿ.