ಹಳ್ಳಿಯ ಸನ್ನೆಯ ಬೇರು ಹುಡುಕುವಾಗ: ನಮ್ಮ ಅನುಭವ

ಹಿರಿಯ ಕಿವುಡರ ಸನ್ನೆ ದಾಖಲಿಸಲು ಹೊರಟವರು ಚಿತ್ರದ ಕಾರ್ಡುಗಳನ್ನು ಮನೆಯಲ್ಲೇ ಬಿಡುವುದು ಒಳ್ಳೆಯದು. ಜೋಳದ ಚಿತ್ರ ತೋರಿಸಿದರೆ ಹೊಲ ಬರುತ್ತದೆ, ರಾಶಿ ಬರುತ್ತದೆ, ಜೋಳ ಮಾತ್ರ ಬರುವುದಿಲ್ಲ. ಕಲಬುರಗಿ ಸುತ್ತಿನ ಹಳ್ಳಿಗಳಿಗೆ ನಾವು ಒಯ್ಯುವುದು ಐದು ಡಬ್ಬಿ: ಜೋಳ, ಸಜ್ಜೆ, ತೊಗರಿ, ಕಡಲೆ, ಕುಸುಬಿ. ಕಾಳನ್ನು ಅಂಗೈಗೆ ಹಾಕಬೇಡಿ, ಮೊರದಲ್ಲಿಡಿ. ಕೈ ತುಂಬಿದರೆ ಮಾತು ನಿಲ್ಲುತ್ತದೆ. ಬಣ್ಣ ಕೇಳಲು ಒಂದೇ ಅಳತೆಯ ಬಟ್ಟೆ ತುಂಡುಗಳನ್ನು ಒಟ್ಟಿಗೆ ಹಾಸಿ, ಒಂದನ್ನು ಮುಂದೆ ಸರಿಸಬೇಕು. ಕೆಂಪು ತುಂಡೊಂದನ್ನೇ ಕೊಟ್ಟರೆ 'ಕುಬಸ' ಎಂಬ ಸನ್ನೆ ಸಿಗುತ್ತದೆ.

ಮೊಬೈಲು ಎರಡು ಬೇಕು. ಒಂದು ಎದುರಿಗೆ, ಸೊಂಟದಿಂದ ತಲೆಯ ಮೇಲೆ ಒಂದು ಗೇಣಿನವರೆಗೆ, ಇನ್ನೊಂದು ಪಕ್ಕದಿಂದ. ಸೆಕೆಂಡಿಗೆ 25 ಚೌಕಟ್ಟಿನಲ್ಲಿ ಬೆರಳು ಮಸುಕಾಗುತ್ತದೆ, 50 ಇಡಿ. ಸುಣ್ಣದ ಗೋಡೆ ಹಿಂದಿದ್ದರೆ ಮುಖ, ಕೈ ಕಪ್ಪಾಗುತ್ತವೆ. ಒಂದೇ ಬಣ್ಣದ ಚಾದರ ಕಟ್ಟಿ. ಶುರುವಿಗೊಮ್ಮೆ ಚಪ್ಪಾಳೆ ತಟ್ಟಿದರೆ ಎರಡೂ ವಿಡಿಯೊ ಆಮೇಲೆ ಹೊಂದಿಸಬಹುದು.

ದೊಡ್ಡ ತೊಂದರೆ ಕಿವಿ ಕೇಳುವ ಮನೆಮಂದಿಯದು. "ಆಯಿ ರೊಟ್ಟಿ ಅಂತಾಳ್ರಿ" ಎಂದು ಸೊಸೆ ನಡುವೆ ಬಾಯಿ ಹಾಕುತ್ತಾಳೆ, ಸನ್ನೆ ಮಾಡುತ್ತಿದ್ದ ಆಯಿ ಕೈ ಇಳಿಸಿಬಿಡುತ್ತಾಳೆ. ಸೊಸೆಯನ್ನು ಆಯಿಯ ಕಣ್ಣಿಗೆ ಬೀಳದಂತೆ ಕೂಡಿಸಿ. ಕಿವುಡರ ಶಾಲೆಯಲ್ಲಿ ಓದಿದ ಮೊಮ್ಮಗನನ್ನೂ ಅಷ್ಟೇ. ಅವನೆದುರು ಹಿರಿಯರು ಶಾಲೆಯ ಸನ್ನೆಗೇ ಹೊರಳುತ್ತಾರೆ.

ಸನ್ನೆ ಹಳ್ಳಿಯದೇ, ಹೊರಗಿಂದ ಬಂದದ್ದೇ ಎಂದು ಮೂಲ ಹುಡುಕುವ ಕೆಲಸದಲ್ಲಿ ಎಡವುವವರೇ ಹೆಚ್ಚು. ಹೊಂದಿಸಿ ನೋಡಲು ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿದೆ. 2021ರ ಆವೃತ್ತಿಯಲ್ಲಿ 10,000 ಪದಗಳಿವೆ. ಕೈಯ ಆಕಾರ, ಜಾಗ, ಚಲನೆ, ಅಂಗೈಯ ದಿಕ್ಕು – ನಾಲ್ಕನ್ನೂ ಬೇರೆ ಬೇರೆ ಬರೆದು ಹೋಲಿಸಬೇಕು. ಆದರೆ ಹೋಲಿಕೆ ಕಂಡ ಕೂಡಲೇ 'ಅಲ್ಲಿಂದ ಬಂದದ್ದು' ಎನ್ನಬೇಡಿ. ಭಾರತೀಯ ಸಂಜ್ಞಾ ಭಾಷೆಯಲ್ಲಿ ಹೆಂಗಸೆಂದರೆ ಮೂಗುತಿಯ ಜಾಗ, ಗಂಡಸೆಂದರೆ ಮೀಸೆ. ಶಾಲೆಯ ಮುಖ ಕಾಣದ ಹಳ್ಳಿ ಕಿವುಡರೂ ಅದನ್ನೇ ತೋರಿಸಬಹುದು, ಏಕೆಂದರೆ ಸಂತೆಯಲ್ಲಿ ಕಿವಿ ಕೇಳುವವರ ಕೈಯಲ್ಲೂ ಅದೇ ಇದೆ. ರೊಟ್ಟಿ ಬಡಿಯುವ ಸನ್ನೆಯೂ ಹಾಗೇ, ಯಾರಿಗಾದರೂ ಹೊಳೆಯುತ್ತದೆ. ಅದಕ್ಕೇ ನಾವು ಮೊದಲು ಓಣಿಯ ಕಿವಿ ಕೇಳುವವರನ್ನೇ, ಬಾಯಿ ಬಿಡದೆ ಕೈಯಲ್ಲಿ ಹೇಳಿ ಎಂದು ಕೇಳಿ ವಿಡಿಯೊ ಮಾಡುತ್ತೇವೆ. ಅವರಲ್ಲಿ ಸಿಕ್ಕ ಸನ್ನೆಗಳನ್ನು ಮೂಲದ ಲೆಕ್ಕದಿಂದ ತೆಗೆಯುತ್ತೇವೆ. ವಾರದ ದಿನ, ಬಣ್ಣ, ನಿನ್ನೆ–ನಾಳೆ ಹೀಗೆ ಸುಲಭಕ್ಕೆ ಹೊಳೆಯದ ಸನ್ನೆಗಳಲ್ಲಿ ನಂಟು ತಿಳಿಯುತ್ತದೆ.

ಸಿಕ್ಕಿದ್ದನ್ನೆಲ್ಲ 'ಭಾಷೆ' ಎಂದು ಕರೆಯುವ ಆತುರವೂ ಬೇಡ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಹುಟ್ಟು ಕಿವುಡುತನ ತಲೆಮಾರುಗಳಿಂದ ಬಂದಿದೆ, ಕಿವಿ ಕೇಳುವವರೂ ಸನ್ನೆ ಬಲ್ಲರು; ಅದು ಹಳ್ಳಿಯ ಭಾಷೆ. ಮನೆಗೊಬ್ಬರೇ ಕಿವುಡರಿದ್ದಲ್ಲಿ ಸಿಗುವುದು ಮನೆಸನ್ನೆ, ಅಂದರೆ ಆ ಮನೆಯವರ ನಡುವೆಯಷ್ಟೇ ನಡೆಯುವ ಸನ್ನೆ.

ವಿಡಿಯೊದಲ್ಲಿ ಸನ್ನೆಗಳಿಗೆ ಗುರುತು ಹಾಕಲು ಇಲಾನ್ (ELAN) ಎಂಬ ಉಚಿತ ತಂತ್ರಾಂಶ ಸಾಕು. ಬಲಗೈ, ಎಡಗೈ, ಹುಬ್ಬು, ಬಾಯಿ, ಅರ್ಥ – ಐದು ಸಾಲು. ಬಾಯಿಯ ಸಾಲು ಬಿಡಬೇಡಿ: ನಮ್ಮ ಕಡೆ ತುಟಿ ಕೆಲವೊಮ್ಮೆ ಕನ್ನಡ, ಕೆಲವೊಮ್ಮೆ ದಖನಿ ಉರ್ದು ಆಡುತ್ತದೆ. ಹದಿನೈದು ದಿನ ಬಿಟ್ಟು ಅದೇ ಡಬ್ಬಿ, ಅದೇ ಬಟ್ಟೆ ಮತ್ತೆ ತೋರಿಸಿ. ಸನ್ನೆ ಬದಲಾಗಿದ್ದರೆ ಹಳೆಯದನ್ನು ಅಳಿಸದೆ ಎರಡನ್ನೂ ತಾರೀಖಿನೊಂದಿಗೆ ಇಡಿ.