ವಾಚ್‌ಮನ್ ಕಾಕಾ ಓದುವಂಥ ಅಲರ್ಟ್

ವಿಜಯಪುರದ ಒಂದು ಸಹಕಾರಿ ಸಂಘದ ನಾಲ್ಕು ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಮಹಡಿ ಮೇಲಿನ ಸಣ್ಣ ಖೋಲಿಯಲ್ಲಿ ಅವು ಇವೆ. ಏಪ್ರಿಲ್, ಮೇ ಬಂತೆಂದರೆ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ರಾತ್ರಿಯೂ ಗೋಡೆ ಮುಟ್ಟಿದರೆ ಬೆಚ್ಚಗೇ ಇರುತ್ತದೆ.

ನಾನು ಸೇರಿದ ಮೊದಲ ಬೇಸಿಗೆಯಲ್ಲಿ ಒಂದು ರಾತ್ರಿ ಎರಡು ಸರ್ವರ್ ಕಾದು ತಾವಾಗಿಯೇ ಬಂದ್ ಆದವು. ಬೆಳಿಗ್ಗೆ ಹೋಗಿ ನೋಡಿದರೆ ಕರೆಂಟ್ ಇದೆ, ಯುಪಿಎಸ್ ಸರಿ ಇದೆ, ಎಸಿ ಮಾತ್ರ ಆಫ್. ನಡುರಾತ್ರಿ ಕರೆಂಟ್ ಹೋದಾಗ ಸರ್ವರ್‌ಗಳು ಯುಪಿಎಸ್ ಮೇಲೆ ಓಡುತ್ತಲೇ ಇದ್ದವು. ಎಸಿಗೆ ಯುಪಿಎಸ್ ಇಲ್ಲ. ಅರ್ಧ ಗಂಟೆಗೆ ಕರೆಂಟ್ ಬಂತು, ಆದರೆ ಹಳೆಯ ಎಸಿ ತಾನಾಗಿ ಚಾಲು ಆಗುವುದಿಲ್ಲ. ಯಾರಾದರೂ ಬಟನ್ ಒತ್ತಬೇಕು.

ನನಗೆ ಅಲರ್ಟ್ ಬಂದಿತ್ತು, ಇಮೇಲ್‌ನಲ್ಲಿ. ನಾನು ಮಲಗಿದ್ದೆ. ಕೆಳಗೆ ಗೇಟಿನ ಹತ್ತಿರ ರಾತ್ರಿ ಪಾಳಿಯ ವಾಚ್‌ಮನ್ ಕಾಕಾ ಎಚ್ಚರವಾಗಿಯೇ ಇದ್ದರು. ಇಪ್ಪತ್ತು ಮೆಟ್ಟಿಲು ಹತ್ತಿದ್ದರೆ ಮುಗಿದುಹೋಗುತ್ತಿತ್ತು. ಅಲರ್ಟ್ ಹೋಗಬೇಕಾದದ್ದು ಬಟನ್ ಹತ್ತಿರ ಇರುವವರಿಗೆ ಅಲ್ವಾ?

ಅಳೆಯುವ ಕೆಲಸಕ್ಕೆ ಹೊಸದಾಗಿ ಏನೂ ಬರೆಯಬೇಕಿರಲಿಲ್ಲ. ಸರ್ವರ್‌ಗಳ ಅಂಕಿ ಆಗಾಗ ಎತ್ತಿಕೊಂಡು ಮಿತಿ ದಾಟಿದರೆ ಅಲರ್ಟ್ ಎಬ್ಬಿಸುವ ಪ್ರಮೀಥಿಯಸ್ ಹಾಕಿಕೊಂಡೆ. ಅದು 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಶುರುವಾದ ಓಪನ್ ಸೋರ್ಸ್ ಕೆಲಸ, ಅಂದರೆ ಕೋಡ್ ಎಲ್ಲರಿಗೂ ತೆರೆದಿದೆ. ಪ್ರತಿ ಸರ್ವರ್‌ನಲ್ಲಿ ಅದರ ಜೊತೆಗಾರ ಪ್ರೋಗ್ರಾಮ್ ನೋಡ್ ಎಕ್ಸ್‌ಪೋರ್ಟರ್ ಕೂರಿಸಿದರೆ ಡಿಸ್ಕ್, ಮೆಮೊರಿ, ಸಿಪಿಯು ಲೆಕ್ಕ ಬರುತ್ತದೆ. ಖೋಲಿಯ ಕಾವು ನೋಡಲು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್‌ಗೆ ಕಾವು ಅಳೆಯುವ ಡಿಎಸ್18ಬಿ20 ಸೆನ್ಸರ್ ಕಟ್ಟಿದೆ. ಅಲರ್ಟ್ ಹಂಚಲು ಅಲರ್ಟ್‌ಮ್ಯಾನೇಜರ್ ಇದೆ. ನಾನು ಬರೆದದ್ದು ಕೊನೆಯ ತುಂಡು ಮಾತ್ರ: ಅಲರ್ಟ್‌ಮ್ಯಾನೇಜರ್ ವೆಬ್‌ಹುಕ್‌ನಲ್ಲಿ (ಒಂದು ಪ್ರೋಗ್ರಾಮ್ ಇನ್ನೊಂದಕ್ಕೆ ತಾನಾಗಿ ಸುದ್ದಿ ಮುಟ್ಟಿಸುವ ದಾರಿ) ಕಳಿಸಿದ್ದನ್ನು ಹಿಡಿದು, ಆ ಹೊತ್ತಿಗೆ ಪಾಳಿಯಲ್ಲಿ ಯಾರಿದ್ದಾರೆ ನೋಡಿ, ಅವರಿಗೆ ಎಸ್‌ಎಂಎಸ್ ಕಳಿಸುವ ಪುಟ್ಟ ಪೈಥಾನ್ ಪ್ರೋಗ್ರಾಮ್.

ಮೊದಲು ಇಂಗ್ಲಿಷ್‌ನಲ್ಲೇ ಕಳಿಸಿದೆ. ಮರುದಿನ ಕಾಕಾ ಹೇಳಿದರು: "ಸಾಹೇಬ್ರ, ರಾತ್ರಿ ಫೋನಿಗೆ ಏನೋ ಇಂಗ್ಲಿಷ್‌ನ್ಯಾಗ ಬಂದಿತ್ರಿ. ಯಾವುದೋ ಕಂಪನೀದು ಇರಬೇಕಂತ ಬಿಟ್ಟೆ."

ಕನ್ನಡದಲ್ಲಿ ಬರೆಯಲು ಕೂತೆ. ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಅಕ್ಷರ ಹಿಡಿಯುತ್ತದೆ, ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಕಾಗುಣಿತದ ಗುರುತು, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. 'ಕ್ಷ' ಕಣ್ಣಿಗೆ ಒಂದು, ಲೆಕ್ಕಕ್ಕೆ ಮೂರು. ಒತ್ತು ಕಡಿಮೆ ಇರುವ ಪದ ಹುಡುಕಿ ಬರೆದು ಕಾಕಾಗೆ ಓದಲು ಕೊಟ್ಟೆ. 'ಸರ್ವರ್ ಕೋಣೆ' ಅಂತಿತ್ತು. "ಖೋಲಿ ಅನ್ರಿ" ಅಂದರು. ಕೊನೆಗೆ ನಿಂತದ್ದು ಇದು: "ಸರ್ವರ್ ಖೋಲಿ ಕಾದಿದೆ. ಎಸಿ ಚಾಲು ಮಾಡಿ. ಆಗದಿದ್ದರೆ ಫೋನ್ ಮಾಡಿ." ಲೆಕ್ಕಕ್ಕೆ 55. ಎಷ್ಟು ಡಿಗ್ರಿ ಅಂತ ಬೇಕೆಂದೇ ಬಿಟ್ಟೆ. ಕಾಕಾಗೆ ಬೇಕಾದದ್ದು ಏನು ಮಾಡಬೇಕು ಅನ್ನುವುದು, ಅಂಕಿ ಅಲ್ಲ.

ಅಲರ್ಟ್‌ಮ್ಯಾನೇಜರ್ ಅದೇ ಅಲರ್ಟನ್ನು ಮತ್ತೆ ನೆನಪಿಸುವುದು 4 ಗಂಟೆ ಬಿಟ್ಟು, ನಾವು ಬದಲಿಸದಿದ್ದರೆ. ಡಿಸ್ಕ್ ತುಂಬುವ ವಿಷಯಕ್ಕೆ ಅದು ಸಾಕು. ಎಸಿ ನಿಂತ ಖೋಲಿಗೆ ಸಾಲದು. ಕಾವಿನ ಅಲರ್ಟ್‌ಗೆ ಮಾತ್ರ 15 ನಿಮಿಷ ಇಟ್ಟೆ.

ಆಮೇಲೆ ಬಂದ ತೊಂದರೆ ನನಗೆ ಜಾಸ್ತಿ ನೋವು ಕೊಟ್ಟಿತು. ಒಂದೇ ವಾರದಲ್ಲಿ ಕಾಕಾ ಮೂರು ಸಲ ಮೆಟ್ಟಿಲು ಹತ್ತಿದರು, ಮೂರು ಸಲವೂ ಎಸಿ ಓಡುತ್ತಿತ್ತು. ಅಂಕಿಗಳನ್ನು ಗೆರೆಯಾಗಿ ತೋರಿಸುವ ಗ್ರಾಫಾನಾದಲ್ಲಿ ನೋಡಿದೆ. ಸೆನ್ಸರ್‌ಗೆ ಕರೆಂಟ್ ತಪ್ಪಿ ಮತ್ತೆ ಬಂದಾಗಲೆಲ್ಲ ಒಂದೇ ಒಂದು ಕಡೆ ಸರಿಯಾಗಿ 85 ಡಿಗ್ರಿ. ಆ ಸೆನ್ಸರ್‌ಗೆ ಕರೆಂಟ್ ಸಿಕ್ಕ ಕ್ಷಣ, ಇನ್ನೂ ಅಳೆಯುವ ಮೊದಲು, ಅದರೊಳಗೆ ಇರುವ ಅಂಕಿಯೇ 85. ಅದನ್ನು ನಾನು ನಿಜವಾದ ಕಾವು ಅಂತ ನಂಬಿದ್ದೆ. ಈಗ ಸರಿಯಾಗಿ 85 ಬಂದರೆ ಬಿಟ್ಟುಬಿಡುತ್ತೇನೆ, ಐದು ನಿಮಿಷ ಕಾವು ಹಾಗೇ ಇದ್ದರೆ ಮಾತ್ರ ಸುದ್ದಿ ಹೋಗುತ್ತದೆ. ನಾಲ್ಕನೇ ಸಲ ಸುಮ್ನೆ ಹತ್ತಿಸಿದ್ದರೆ ಐದನೇ ಸಲ ಅವರು ಎದ್ದು ಬರುತ್ತಿರಲಿಲ್ಲ. ಬರಬೇಕೂ ಇಲ್ಲ.

ಇನ್ನೊಂದು ಸಲ ಎರಡು ದಿನ ಒಂದೂ ಮೆಸೇಜ್ ಇಲ್ಲ. ಪ್ರಮೀಥಿಯಸ್ ಇದ್ದ ಸರ್ವರ್‌ನ ಡಿಸ್ಕೇ ತುಂಬಿ ಎಲ್ಲ ನಿಂತಿತ್ತು. ಅಂದಿನಿಂದ ಯಾವಾಗಲೂ ಹೊಡೆಯುತ್ತಲೇ ಇರುವ ಒಂದು ಅಲರ್ಟ್ ಇಟ್ಟಿದ್ದೇನೆ. ಅದು ಊರ ಹೊರಗಿನ ಒಂದು ಬಾಡಿಗೆ ಸರ್ವರ್‌ಗೆ ಹೋಗುತ್ತದೆ. ಅಲ್ಲಿ 15 ನಿಮಿಷ ಸುದ್ದಿ ಬರದಿದ್ದರೆ ಆ ಸರ್ವರೇ ನಮಗೆ ಎಸ್‌ಎಂಎಸ್ ಕಳಿಸುತ್ತದೆ.

ಕೋಡ್ ಎಲ್ಲರಿಗೂ ಬಿಟ್ಟ ಮೇಲೆ ಕೆಲಸದ ರೀತಿ ಬದಲಾಯಿತು. ಬೆಳಗಾವಿಯವರೊಬ್ಬರು ಮರಾಠಿಯಲ್ಲಿ ಮೆಸೇಜ್ ಬೇಕು ಅಂದರು. ಆಗ ವಾಕ್ಯಗಳು ಕೋಡಿನೊಳಗೇ ಇದ್ದವು. ಎಲ್ಲ ಕಿತ್ತು ಭಾಷೆಗೊಂದು ಫೈಲ್ ಮಾಡಿದೆ. ಹೇಗೂ ಮಾಡಲೇಬೇಕಿತ್ತು. ನಮ್ಮ ದೇಶದಲ್ಲಿ ಇಂಥ ಎಸ್‌ಎಂಎಸ್‌ನ ವಾಕ್ಯವನ್ನು ಟೆಲಿಕಾಂ ಕಂಪನಿಯ ಹತ್ತಿರ ಮೊದಲೇ ನೋಂದಾಯಿಸಬೇಕು. ಒಂದು ಪದ ಬದಲಾದರೂ ಮತ್ತೆ ಒಪ್ಪಿಗೆ ಬೇಕು. ಹಾಗಾಗಿ ಹೊಸ ಆವೃತ್ತಿಯಲ್ಲಿ ಏನೇ ಬದಲಿಸಿದರೂ ಹಳೆಯ ವಾಕ್ಯದ ಫೈಲ್ ಹಾಗೇ ಓಡುತ್ತದೆಯೇ ಅಂತ ಮೊದಲು ನೋಡುತ್ತೇನೆ.

ಈಗ ಮಿಸ್ಡ್ ಕಾಲ್ ಮೇಲೆ ಕೆಲಸ ನಡೆದಿದೆ. ಎಸಿ ಚಾಲು ಮಾಡಿದ ಮೇಲೆ ಕಾಕಾ ಒಂದು ನಂಬರ್‌ಗೆ ಮಿಸ್ಡ್ ಕಾಲ್ ಕೊಟ್ಟರೆ ಆ ಅಲರ್ಟ್ ಒಂದು ಗಂಟೆ ಸುಮ್ಮನಿರಬೇಕು, ಖೋಲಿ ತಣ್ಣಗಾಗುವವರೆಗೆ ಅವರಿಗೆ ಮತ್ತೆ ಮತ್ತೆ ಮೆಸೇಜ್ ಹೋಗಬಾರದು. ಮಿಸ್ಡ್ ಕಾಲ್ ಹಿಡಿಯುವ ಭಾಗ ಮುಗಿದಿದೆ. ಒಂದೇ ಹೊತ್ತಿಗೆ ಎರಡು ಅಲರ್ಟ್ ಇದ್ದರೆ ಯಾವುದನ್ನು ಸುಮ್ಮನಿರಿಸಬೇಕು ಅನ್ನುವುದನ್ನು ಕಾಕಾನ ಹತ್ತಿರ ಕೂತು ಕೇಳಬೇಕು.